ಟ್ರ್ಯಾಕ್ಟರಿನ ಗೇರುಪೆಟ್ಟಿಗೆಗೂ ಡಿಫರೆನ್ಶಿಯಲಿಗೂ ತಕ್ಕ ಎಣ್ಣೆಯ ಆಯ್ಕೆ

(ನವಲಗುಂದ ತಾಲೂಕಿನ ಕೃಷಿ ಇನ್‌ಸ್ಪೆಕ್ಟರರು, ಎಲ್. ಏಜಿ., ಇವರಿಂದ)

ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಹಾಕದೆ ಹೊಲಕ್ಕೆ ಹೊರಡುವ ಒಕ್ಕಲಿಗನು ನಮ್ಮ ಸೀಮೆಯಲ್ಲಿ ಸಿಕ್ಕಲಾರನು. ಎಣ್ಣೆ ತೀರಿದ ಗಾಲಿಯು ದಾರಿಯುದ್ದಕ್ಕೂ ಕಿರುಗುಟ್ಟುತ್ತ ಒಡೆಯನ ಅಲಕ್ಷ್ಯವನ್ನು ಊರಿಗೆಲ್ಲ ಸಾರುತ್ತದೆ. ಟ್ರ್ಯಾಕ್ಟರಿನ ಗೇರುಪೆಟ್ಟಿಗೆಯಾದರೋ ಹಾಗಲ್ಲ. ಅದು ಬೀಡಿನ ಗೂಡಿನೊಳಗೆ ಮುಚ್ಚಿಕೊಂಡಿರುವದರಿಂದ, ಒಳಗಿನ ಎಣ್ಣೆಯು ಕೆಟ್ಟರೂ ಬಹುದಿನ ಮೌನವಾಗಿದ್ದು, ಬಿತ್ತಿಗೆಯ ಹದ ಬಂದ ದಿವಸವೇ ಕೈಕೊಡುತ್ತದೆ. ಎಂಜಿನ್ನಿನ ಎಣ್ಣೆಯ ಬಗ್ಗೆ ನಮ್ಮ ಜನರು ಈಗ ಸಾಕಷ್ಟು ಎಚ್ಚರ ಪಡೆದಿರುವರು. ಆದರೆ ಹಿಂದಿನ ಭಾಗದ ಎಣ್ಣೆಯ ವಿಷಯದಲ್ಲಿ ತಿಳುವಳಿಕೆಯು ಇನ್ನೂ ಸಾಲದು. ಆದಕಾರಣ ಈ ಲೇಖನವನ್ನು ಬರೆಯಲಾಗಿದೆ.

ಕಳೆದ ಹಿಂಗಾರಿಯ ಸುಗ್ಗಿಯಲ್ಲಿ ನಾನು ತಿರ್ಲಾಪುರಕ್ಕೆ ಸಂಚಾರ ಹೋದಾಗ ಒಬ್ಬ ಜಮೀನುದಾರರು ತಮ್ಮ ಟ್ರ್ಯಾಕ್ಟರನ್ನು ತೋರಿಸಿದರು. ಅದು ಎಣ್ಣೆಯಲ್ಲಿ ಮುಳುಗಿರುವ ಬ್ರೇಕುಗಳುಳ್ಳ ಗಾಡಿ. ಹಳೆಯ ಎಣ್ಣೆಯನ್ನು ಇಳಿಸಿದಾಗ ಅದು ನೀರಿನಂತೆ ತೆಳ್ಳಗೆ ಕಂಡದ್ದರಿಂದ, "ಇದರಲ್ಲಿ ಕಸುವಿಲ್ಲ" ಎಂದು ಯಾರೋ ಹೇಳಿದ ಮಾತನ್ನು ನಂಬಿ, 140 ನಂಬರಿನ ದಪ್ಪ ಗೇರೆಣ್ಣೆಯನ್ನು ತುಂಬಿಸಿದ್ದರು. ಮರುದಿನದಿಂದಲೇ ಮುಂಜಾನೆಯ ತಂಪಿನಲ್ಲಿ ಲಿಫ್ಟು ಮೆಲ್ಲಗೆ ಏರಹತ್ತಿತು; ಬ್ರೇಕು ತುಳಿದರೆ ಚೀರುವ ಸಪ್ಪಳ. ಎಂಟು ದಿವಸಗಳಾದ ಮೇಲೆ ಕಡಲೆಯ ಚೀಲಗಳನ್ನು ತುಂಬಿದ ಟ್ರೇಲರಿನೊಡನೆ ಹಳ್ಳದ ಇಳಿಜಾರನ್ನು ಇಳಿಯುವಾಗ ಬ್ರೇಕು ಹಿಡಿಯಲಿಲ್ಲ. ಮಡ್‌ಗಾರ್ಡಿನ ಮೇಲೆ ಕೂತಿದ್ದ ಹುಡುಗನು ಜಿಗಿದು ಪಾರಾದನು. ಟ್ರೇಲರು ಮಗುಚಿ ಚೀಲಗಳು ನೀರುಪಾಲಾದವು. ಜೀವಹಾನಿಯಾಗದ್ದು ದೈವಕೃಪೆಯೇ ಸರಿ. ಆ ಎಣ್ಣೆಯು ಕಲಬೆರಕೆಯದಲ್ಲ. ತನ್ನ ಜಾತಿಯಲ್ಲಿ ಒಳ್ಳೆಯ ಎಣ್ಣೆಯೇ. ಆದರೆ ಆ ಯಂತ್ರಕ್ಕೆ ಅದು ತಕ್ಕದ್ದಾಗಿರಲಿಲ್ಲ. ಒಳ್ಳೆಯ ಎಣ್ಣೆ ಬೇರೆ, ತಕ್ಕ ಎಣ್ಣೆ ಬೇರೆ ಎಂಬದೇ ಈ ಲೇಖನದ ತಾತ್ಪರ್ಯವು.

ಎಣ್ಣೆಯು ಮಾಡುವ ಕೆಲಸಗಳು

ಗೇರುಪೆಟ್ಟಿಗೆಯಲ್ಲಿ ಹಲ್ಲುಚಕ್ರಗಳು ಒಂದನ್ನೊಂದು ಒತ್ತಿಕೊಂಡು ತಿರುಗುತ್ತವೆ. ಎರಡು ಹಲ್ಲುಗಳು ಕೂಡುವ ಜಾಗವು ಜೋಳದ ಕಾಳಿಗಿಂತಲೂ ಕಿರಿದು. ಆದರೆ ಇಡೀ ಟ್ರ್ಯಾಕ್ಟರಿನ ಎಳೆತವೆಲ್ಲ ಆ ಕಿರಿದಾದ ಜಾಗದ ಮೇಲೆಯೇ ಬೀಳುತ್ತದೆ. ಅಲ್ಲಿ ಎಣ್ಣೆಯ ತೆಳುವಾದ ಪೊರೆಯು ಕಬ್ಬಿಣವು ಕಬ್ಬಿಣವನ್ನು ಮುಟ್ಟದಂತೆ ಕಾಯುವದು. ಇದು ಮೊದಲನೆಯ ಕೆಲಸ. ತಿಕ್ಕಾಟದಿಂದ ಹುಟ್ಟಿದ ಕಾವನ್ನು ಹೊತ್ತುಕೊಂಡು ಹೋಗಿ ಗೂಡಿನ ಗೋಡೆಗೆ ಮುಟ್ಟಿಸುವದು ಎರಡನೆಯದು. ಸವೆದ ಲೋಹದ ಪುಡಿಯನ್ನು ತೊಳೆದು ಫಿಲ್ಟರಿಗೆ ಒಯ್ಯುವದು, ತುಕ್ಕು ಹಿಡಿಯದಂತೆ ಕಾಯುವದು ಮೂರನೆಯದು.

ಈಗಿನ ಅನೇಕ ಟ್ರ್ಯಾಕ್ಟರುಗಳಲ್ಲಿ ಇವುಗಳ ಮೇಲೆ ಇನ್ನೆರಡು ಕೆಲಸಗಳಿವೆ. ಅದೇ ಎಣ್ಣೆಯು ಹೈಡ್ರಾಲಿಕ್ ಪಂಪಿನಿಂದ ಒತ್ತಲ್ಪಟ್ಟು ನೇಗಿಲನ್ನೂ ರೋಟಾವೇಟರನ್ನೂ ಎತ್ತಬೇಕು. ಮತ್ತು ಅದರಲ್ಲಿಯೇ ಮುಳುಗಿರುವ ಬ್ರೇಕಿನ ಬಿಲ್ಲೆಗಳು ತುಳಿದೊಡನೆ ಹಿಡಿಯುವಂತಿರಬೇಕು. ಹಲ್ಲಿಗೆ ಜಾರಿಕೆ ಬೇಕು, ಬ್ರೇಕಿಗೆ ಹಿಡಿತ ಬೇಕು. ಒಂದೇ ಎಣ್ಣೆಯಿಂದ ಈ ಎರಡೂ ವಿರುದ್ಧ ಗುಣಗಳನ್ನು ಬೇಡುವದರಿಂದಲೇ ಆಯ್ಕೆಯು ಕಠಿಣವಾಗಿದೆ.

ಡಿಫರೆನ್ಶಿಯಲ್ ಎಂದರೇನು

ಚಕ್ಕಡಿಯು ಓಣಿಯಲ್ಲಿ ಹೊರಳುವಾಗ ಹೊರಗಿನ ಗಾಲಿಯು ಹೆಚ್ಚು ದೂರವನ್ನೂ ಒಳಗಿನ ಗಾಲಿಯು ಕಡಿಮೆ ದೂರವನ್ನೂ ಕ್ರಮಿಸುತ್ತದೆ. ಚಕ್ಕಡಿಯಲ್ಲಿ ಎರಡೂ ಗಾಲಿಗಳು ಅಚ್ಚಿನ ಮೇಲೆ ತಮ್ಮಷ್ಟಕ್ಕೆ ತಾವೇ ತಿರುಗುವದರಿಂದ ತೊಂದರೆಯಿಲ್ಲ. ಎಳೆಯುವವು ಎತ್ತುಗಳು, ಗಾಲಿಗಳಲ್ಲ. ಟ್ರ್ಯಾಕ್ಟರಿನಲ್ಲಿ ಗಾಲಿಗಳೇ ಎಳೆಯಬೇಕು. ಎರಡನ್ನೂ ಒಂದೇ ಅಚ್ಚಿಗೆ ಬಿಗಿದರೆ ಹೊರಳುವಾಗ ಒಂದು ಗಾಲಿಯು ನೆಲವನ್ನು ಕೆರೆಯಲೇಬೇಕಾಗುವದು. ಈ ಬಾಧೆಯನ್ನು ತಪ್ಪಿಸುವ ಹಲ್ಲುಚಕ್ರಗಳ ಕೂಟವೇ ಡಿಫರೆನ್ಶಿಯಲ್. ಫ್ರಾನ್ಸ್ ದೇಶದ ಪೆಕರ್ ಎಂಬವನು 1820ರ ದಶಕದ ಕೊನೆಯಲ್ಲಿ ಇದಕ್ಕೆ ಪೇಟೆಂಟು ಪಡೆದನು. ಎಂಜಿನ್ನಿನ ಬಲವು ಪಿನಿಯನ್ನಿನಿಂದ ಕ್ರೌನ್ ಚಕ್ರಕ್ಕೂ, ಅದರೊಳಗಿನ ಚಿಕ್ಕ ಹಲ್ಲುಚಕ್ರಗಳಿಂದ ಎರಡು ಅರ್ಧ ಅಚ್ಚುಗಳಿಗೂ ಹಂಚಿಹೋಗುತ್ತದೆ. ಒಂದು ಗಾಲಿ ಎಷ್ಟು ನಿಧಾನವಾದರೆ ಇನ್ನೊಂದು ಅಷ್ಟೇ ವೇಗವಾಗುವದು.

ಇದರ ಒಂದು ದೋಷವನ್ನು ಎರೆಭೂಮಿಯ ಒಕ್ಕಲಿಗರು ಚೆನ್ನಾಗಿ ಬಲ್ಲರು. ಒಂದು ಗಾಲಿಯು ಅರಲಿನಲ್ಲಿ ಸಿಕ್ಕು ಬರಿದೆ ತಿರುಗಹತ್ತಿದರೆ ಗಟ್ಟಿ ನೆಲದ ಮೇಲಿನ ಗಾಲಿಯು ಸುಮ್ಮನೆ ನಿಲ್ಲುತ್ತದೆ. ಆಗ ಚಾಲಕನು ಆಕ್ಸಿಲರೇಟರನ್ನು ಒತ್ತಿದಷ್ಟೂ ಒಳಗಿನ ಚಿಕ್ಕ ಚಕ್ರಗಳು ತಮ್ಮ ಕೀಲಿನ ಮೇಲೆ ಅತಿ ವೇಗದಿಂದ ತಿರುಗಿ, ಎಣ್ಣೆಯ ಪೊರೆ ಹರಿದು, ಕಾದು, ಕಚ್ಚಿಕೊಳ್ಳುವ ಸಂಭವವುಂಟು. ಇದಕ್ಕೆ ಎಣ್ಣೆಯು ಮದ್ದಲ್ಲ. ಗಾಲಿಯನ್ನು ನಿಲ್ಲಿಸಿ, ಡಿಫರೆನ್ಶಿಯಲ್ ಲಾಕನ್ನು ಒತ್ತಿ, ನೆಟ್ಟಗೆ ಮುಂದಕ್ಕೆ ತೆಗೆಯಬೇಕು. ಲಾಕು ಬಿದ್ದಿರುವಾಗ ಹೊರಳಿಸಕೂಡದು.

ಡಬ್ಬಿಯ ಮೇಲಿನ ಅಂಕಿಗಳು

ಎಣ್ಣೆಯ ಡಬ್ಬಿಯ ಮೇಲೆ ಎರಡು ಬಗೆಯ ಗುರುತುಗಳಿರುತ್ತವೆ. ಒಂದು ಜಿಗಿಯನ್ನು, ಅಂದರೆ ಎಣ್ಣೆಯು ಹರಿಯಲು ತೋರುವ ಪ್ರತಿರೋಧವನ್ನು ಹೇಳುತ್ತದೆ. ಇನ್ನೊಂದು ಹೊರೆ ತಾಳುವ ಗುಣವನ್ನು ಹೇಳುತ್ತದೆ.

ಜಿಗಿಯ ಗುರುತು ಎಸ್‌ಎಇ ಅಂಕಿಗಳಿಂದ ತಿಳಿಯುವದು. 80ಡಬ್ಲ್ಯೂ-90 ಎಂದಿದ್ದರೆ, ಡಬ್ಲ್ಯೂ ಇರುವ ಅಂಕಿಯು ಚಳಿಯಲ್ಲಿಯ ನಡತೆಯನ್ನೂ ಎರಡನೆಯ ಅಂಕಿಯು ಕಾದಾಗಿನ ನಡತೆಯನ್ನೂ ಸೂಚಿಸುತ್ತದೆ. 80ಡಬ್ಲ್ಯೂ ಎಣ್ಣೆಯನ್ನು ಶೂನ್ಯಕ್ಕಿಂತ 26 ಡಿಗ್ರಿ ಸೆಲ್ಸಿಯಸ್ ಕೆಳಗೂ, 85ಡಬ್ಲ್ಯೂ ಎಣ್ಣೆಯನ್ನು ಶೂನ್ಯಕ್ಕಿಂತ 12 ಡಿಗ್ರಿ ಕೆಳಗೂ ಪರೀಕ್ಷಿಸುತ್ತಾರೆ. ಅಂಥ ಹಿಮಗಾಲವು ಧಾರವಾಡ ಜಿಲ್ಲೆಯಲ್ಲಿಲ್ಲವಾದ್ದರಿಂದ ಈ ಮೊದಲನೆಯ ಅಂಕಿಯ ಸಲುವಾಗಿ ನಾವು ಹೆಚ್ಚು ಚಿಂತಿಸಬೇಕಾಗಿಲ್ಲ.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ಹೋಗಲಾಡಿಸುವದು ಅವಶ್ಯ. ಎಂಜಿನ್ನಿನ 40 ನಂಬರಿನ ಎಣ್ಣೆಗಿಂತ ಗೇರಿನ 90 ನಂಬರಿನದು ಇಮ್ಮಡಿಗೂ ಮಿಕ್ಕಿ ದಪ್ಪವೆಂದು ಬಹುಜನರು ನಂಬಿರುವರು. ಇದು ಸರಿಯಲ್ಲ. ಎಂಜಿನ್ ಎಣ್ಣೆಗೂ ಗೇರೆಣ್ಣೆಗೂ ಅಳತೆಗೋಲುಗಳೇ ಬೇರೆ. ನೂರು ಡಿಗ್ರಿ ಕಾವಿನಲ್ಲಿ ಎಂಜಿನ್ನಿನ 40ರ ಜಿಗಿಯು 12.5ರಿಂದ 16.3 ಸೆಂಟಿಸ್ಟೋಕ್ಸಿನವರೆಗೆ ಇರುವದು. ಗೇರಿನ 90ರದು 13.5ರಿಂದ 18.5ರವರೆಗೆ. ಎರಡೂ ಹೆಚ್ಚುಕಡಿಮೆ ಸಮವೇ. ಗೇರಿನ 140 ಮಾತ್ರ 24ರಿಂದ 32.5ರವರೆಗೆ ಇದ್ದು ನಿಜವಾಗಿಯೂ ದಪ್ಪವಾದದ್ದು. ಹಾಗೆಂದ ಮಾತ್ರಕ್ಕೆ ಎಂಜಿನ್ ಎಣ್ಣೆಯನ್ನು ಗೇರುಪೆಟ್ಟಿಗೆಗೆ ಹಾಕಬಹುದೆಂದು ತಿಳಿಯಬಾರದು. ಜಿಗಿಯು ಒಂದಾದರೂ ಒಳಗಿನ ಮಿಶ್ರಣಗಳು ಬೇರೆಬೇರೆ.

ಆ ಮಿಶ್ರಣಗಳನ್ನು ಸೂಚಿಸುವದೇ ಎರಡನೆಯ ಗುರುತು. ನಮ್ಮ ಪೇಟೆಗಳಲ್ಲಿ ಹೆಚ್ಚಾಗಿ ಕಾಣುವವು ಜಿಎಲ್-4 ಮತ್ತು ಜಿಎಲ್-5. ಇವುಗಳಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಸೇರಿಸಿರುತ್ತಾರೆ. ಹಲ್ಲುಗಳ ನಡುವಿನ ಒತ್ತಡವು ಎಣ್ಣೆಯ ಪೊರೆಯನ್ನು ಹರಿದಾಗ ಈ ದ್ರವ್ಯಗಳು ಆ ಕಾವಿನಲ್ಲಿ ಉಕ್ಕಿನೊಡನೆ ಕೂಡಿ ಒಂದು ರಕ್ಷಣೆಯ ಲೇಪವನ್ನು ಉಂಟುಮಾಡುತ್ತವೆ. ಜಿಎಲ್-5ರಲ್ಲಿ ಇವು ಜಿಎಲ್-4ಕ್ಕಿಂತ ಅಧಿಕ. ಪಿನಿಯನ್ನು ಕ್ರೌನ್ ಚಕ್ರದ ನಡುಗೆರೆಗಿಂತ ಕೆಳಕ್ಕೆ ಸರಿದಿರುವ ಹೈಪಾಯ್ಡ್ ಎಂಬ ಜೋಡಣೆಯಲ್ಲಿ ಹಲ್ಲುಗಳು ಉರುಳುವದಕ್ಕಿಂತ ಉಜ್ಜುವದೇ ಹೆಚ್ಚು. ಅದಕ್ಕೆ ಜಿಎಲ್-5 ಬೇಕು. ಆದರೆ ಹೆಚ್ಚಿನದೆಲ್ಲ ಉತ್ತಮವೆಂಬ ನಿಯಮವು ಇಲ್ಲಿ ಸಲ್ಲದು. ಕ್ರಿಯಾಶೀಲವಾದ ಗಂಧಕವು ಹಿತ್ತಾಳೆ, ಕಂಚುಗಳ ಭಾಗಗಳನ್ನು ಕಾಲಕ್ರಮದಲ್ಲಿ ತಿನ್ನಬಹುದು; ಓಡುತ್ತಿರುವಾಗ ಗೇರನ್ನು ಕೂಡಿಸುವ ಸಿಂಕ್ರೊ ಬಳೆಗಳು ಅತಿ ಜಾರಿಕೆಯಿಂದ ತಮ್ಮ ಹಿಡಿತವನ್ನು ಕಳೆದುಕೊಳ್ಳಬಹುದು. ಆದಕಾರಣ ಪುಸ್ತಕವು ಜಿಎಲ್-4 ಎಂದು ಹೇಳಿದಲ್ಲಿ ಜಿಎಲ್-5 ಹಾಕುವದು ಜಾಣತನವಲ್ಲ.

ಯಾವ ಟ್ರ್ಯಾಕ್ಟರಿಗೆ ಯಾವ ಎಣ್ಣೆ

ಮೊದಲು ತಮ್ಮ ಟ್ರ್ಯಾಕ್ಟರಿನ ಬ್ರೇಕು ಒಣಗಿನದೋ ಎಣ್ಣೆಯಲ್ಲಿ ಮುಳುಗಿದ್ದೋ ಎಂಬದನ್ನು ನಿಶ್ಚಯಿಸಿಕೊಳ್ಳಬೇಕು. ಆಯ್ಕೆಯ ಅರ್ಧ ಕೆಲಸವು ಇಷ್ಟರಲ್ಲಿಯೇ ಮುಗಿಯುವದು.

(1) ಒಣ ಬ್ರೇಕಿನ ಹಳೆಯ ಟ್ರ್ಯಾಕ್ಟರುಗಳು. ಇವುಗಳಲ್ಲಿ ಅನೇಕಕ್ಕೆ 90 ಅಥವಾ 80ಡಬ್ಲ್ಯೂ-90ರ ಜಿಎಲ್-4 ಗೇರೆಣ್ಣೆಯನ್ನು ಹೇಳಿರುತ್ತಾರೆ. ಹೈಡ್ರಾಲಿಕ್ಕಿಗೆ ಬೇರೆ ತೊಟ್ಟಿಯಿದ್ದರೆ ಅದರ ಎಣ್ಣೆಯೂ ಬೇರೆಯಾಗಿರಬಹುದು. ಒಂದರ ಎಣ್ಣೆಯನ್ನು ಇನ್ನೊಂದಕ್ಕೆ ಹಾಕಬಾರದು.

(2) ಎಣ್ಣೆಯಲ್ಲಿ ಮುಳುಗಿದ ಬ್ರೇಕಿನ ಟ್ರ್ಯಾಕ್ಟರುಗಳು. ಇವುಗಳಿಗೆ ಯುಟಿಟಿಓ ಎಂಬ ಗುರುತಿನ, ಪೇಟೆಯಲ್ಲಿ 'ವೆಟ್ ಬ್ರೇಕ್ ಆಯಿಲ್' ಎಂದು ಕರೆಯುವ, ಸರ್ವೋಪಯೋಗಿ ಟ್ರ್ಯಾಕ್ಟರ್ ಎಣ್ಣೆಯೇ ಬೇಕು. ಇದು ನೋಡಲು ತೆಳುವೇ, ತೆಳುವಾಗಿರಲೆಂದೇ ಮಾಡಿದ್ದು. ದಪ್ಪ ಎಣ್ಣೆಯಿದ್ದರೆ ಮುಂಜಾನೆ ಪಂಪು ಅದನ್ನು ಹೀರಲಾರದೆ ಗಾಳಿಯನ್ನು ಹೀರಿ ನೊರೆಯೆಬ್ಬಿಸುತ್ತದೆ. ಲಿಫ್ಟು ನಡುಗುತ್ತ ಏರುತ್ತದೆ. ಇನ್ನು ಬ್ರೇಕಿನ ಬಿಲ್ಲೆಗಳು ಚೀರದೆ ಹಿಡಿಯುವಂತೆ ಮಾಡುವ ವಿಶೇಷ ದ್ರವ್ಯವು ಈ ಎಣ್ಣೆಯಲ್ಲಿರುವದು; ಸಾದಾ ಗೇರೆಣ್ಣೆಯಲ್ಲಿರುವದಿಲ್ಲ. ತಿರ್ಲಾಪುರದ ಪ್ರಸಂಗಕ್ಕೆ ಇದೇ ಕಾರಣವು.

(3) ನಾಲ್ಕೂ ಗಾಲಿಗಳಿಗೆ ಬಲವುಳ್ಳ ಟ್ರ್ಯಾಕ್ಟರುಗಳು. ಇವುಗಳ ಮುಂದಿನ ಅಚ್ಚಿನಲ್ಲಿ ಇನ್ನೊಂದು ಡಿಫರೆನ್ಶಿಯಲ್ ಇದೆ; ಗಾಲಿಗಳ ಹತ್ತಿರದ ಗೂಡುಗಳಲ್ಲಿಯೂ ಎಣ್ಣೆಯಿರುತ್ತದೆ. ಹಿಂದಿನದನ್ನು ತಪ್ಪದೆ ಬದಲಿಸುವವರು ಸಹ ಮುಂದಿನದನ್ನು ಮರೆಯುವದು ಸಾಮಾನ್ಯ. ಇದಕ್ಕೆ ಬೇರೆ ಎಣ್ಣೆಯನ್ನು ಹೇಳಿರಲೂಬಹುದು. ಪುಸ್ತಕವನ್ನು ನೋಡಿಯೇ ಹಾಕತಕ್ಕದ್ದು.

ಪುಸ್ತಕವು ಕಳೆದುಹೋಗಿದ್ದರೆ ಮಾರಾಟಗಾರರಿಂದ ಇನ್ನೊಂದು ಪ್ರತಿಯನ್ನು ಕೇಳಿ ಪಡೆಯಬೇಕು. ಮಧ್ಯಪ್ರದೇಶದ ಬುದನಿಯಲ್ಲಿ 1955ರಿಂದ ಇರುವ ಕೇಂದ್ರ ಸರಕಾರದ ಸಂಸ್ಥೆಯು ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ಪ್ರಕಟಿಸುವ ವರದಿಗಳಲ್ಲಿಯೂ ಎಣ್ಣೆಯ ಜಾತಿ, ಪ್ರಮಾಣ, ಬದಲಿಸುವ ಅವಧಿ ಇವು ನಮೂದಾಗಿರುತ್ತವೆ.

ಸ್ವಯಂ ಗೇರಿನ ಮೋಟರುಗಾಡಿಗಳು

ಹುಬ್ಬಳ್ಳಿ ಬೆಂಗಳೂರುಗಳಲ್ಲಿರುವ ಮಕ್ಕಳು ಊರಿಗೆ ತರುವ ಸ್ವಯಂ ಗೇರಿನ ಕಾರುಗಳ ಬಗ್ಗೆಯೂ ಜಮೀನುದಾರರು ನನ್ನನ್ನು ಕೇಳುವದುಂಟು. ಟ್ರ್ಯಾಕ್ಟರಿಗೆಂದು ತಂದ ಎಣ್ಣೆಯು ಮನೆಯಲ್ಲಿ ಉಳಿದಿದೆಯೆಂದು ಅದನ್ನು ಕಾರಿಗೆ ಹಾಕಬಹುದೇ ಎಂಬ ಪ್ರಶ್ನೆಗೆ ಉತ್ತರವು ಒಂದೇ: ಕೂಡದು.

ಅಮೆರಿಕೆಯ ಜನರಲ್ ಮೋಟರ್ಸ್ ಕಂಪನಿಯವರು 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಗಾಡಿಗಳಲ್ಲಿ ಹೈಡ್ರಾಮ್ಯಾಟಿಕ್ ಎಂಬ ಸ್ವಯಂ ಗೇರುಪೆಟ್ಟಿಗೆಯನ್ನು ಬಳಕೆಗೆ ತಂದರು. 1949ರಲ್ಲಿ ಅದರ ಎಣ್ಣೆಗೆ ಒಂದು ನಿಯಮವನ್ನು ಗೊತ್ತುಪಡಿಸಿದರು. ಈ ಜಾತಿಯ ಪೆಟ್ಟಿಗೆಯಲ್ಲಿ ಎಣ್ಣೆಯೇ ಎಂಜಿನ್ನಿನ ಬಲವನ್ನು ಸಾಗಿಸುತ್ತದೆ, ಎಣ್ಣೆಯೇ ಕವಾಟಗಳನ್ನು ನಡೆಸಿ ಗೇರನ್ನು ಬದಲಿಸುತ್ತದೆ, ಎಣ್ಣೆಯಲ್ಲಿಯೇ ಕ್ಲಚ್ಚಿನ ಬಿಲ್ಲೆಗಳು ಹಿಡಿಯುತ್ತವೆ. ಹಿಡಿತವು ಮೃದುವಾಗಲೆಂದು ಮೊದಲು ಈ ಎಣ್ಣೆಯಲ್ಲಿ ಸ್ಪರ್ಮ್ ಎಂಬ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದರು. ತಿಮಿಂಗಿಲಗಳ ರಕ್ಷಣೆಗಾಗಿ ಅಮೆರಿಕೆಯಲ್ಲಿ ನಿರ್ಬಂಧ ಬಂದುದರಿಂದ 1970ರ ದಶಕದ ಆರಂಭದಲ್ಲಿ ಅದು ನಿಂತು, ಕೃತಕ ದ್ರವ್ಯಗಳು ಬಂದವು. ಕೆಂಪು ಬಣ್ಣವು ಗುರುತಿಗಾಗಿ ಹಾಕಿದ್ದು, ಗುಣದ ಲಕ್ಷಣವಲ್ಲ.

ಸ್ವಯಂ ಗೇರುಗಳಲ್ಲಿಯೂ ಪ್ರಭೇದಗಳಿವೆ. ಟಾರ್ಕ್ ಕನ್ವರ್ಟರಿನದಕ್ಕೆ ಎಟಿಎಫ್, ಪಟ್ಟಿಯ ಸಿವಿಟಿಗೆ ಅದರದೇ ಎಣ್ಣೆ, ಎರಡು ಕ್ಲಚ್ಚಿನದಕ್ಕೆ ಇನ್ನೊಂದು. ಭಾರತದ ಚಿಕ್ಕ ಕಾರುಗಳಲ್ಲಿ 2014ರಲ್ಲಿ ಮಾರುತಿ ಸೆಲೆರಿಯೊದೊಡನೆ ಪ್ರಚಾರಕ್ಕೆ ಬಂದ ಎಎಮ್‌ಟಿಯ ಪೆಟ್ಟಿಗೆಯು ಮೂಲತಃ ಕೈಗೇರಿನದೇ. ಅದಕ್ಕೆ ಎಟಿಎಫ್ ಸಲ್ಲದು. ಹಿಂದಿನ ಗಾಲಿಗಳಿಂದ ಓಡುವ ವೇಗದ ಕಾರುಗಳ ಡಿಫರೆನ್ಶಿಯಲ್ ಸಾಮಾನ್ಯವಾಗಿ ಹೈಪಾಯ್ಡ್ ಆಗಿದ್ದು ಜಿಎಲ್-5ನ್ನು ಬೇಡುತ್ತದೆ. 75ಡಬ್ಲ್ಯೂ-90ರ ಸಂಶ್ಲೇಷಿತ ಎಣ್ಣೆಯನ್ನು ಅನೇಕರು ಹೇಳುತ್ತಾರೆ. ಅದರಲ್ಲಿ ಜಾರಿಕೆಯನ್ನು ತಡೆಯುವ ಬಿಲ್ಲೆಗಳಿದ್ದರೆ, ನಮ್ಮ ಟ್ರ್ಯಾಕ್ಟರಿನ ಬ್ರೇಕಿಗೆ ಬೇಕಾದಂತೆಯೇ ಹಿಡಿತವನ್ನು ತಿದ್ದುವ ದ್ರವ್ಯವೂ ಬೇಕು. ಇಲ್ಲದಿದ್ದರೆ ಹೊರಳುವಾಗ ಹಿಂದಿನ ಅಚ್ಚು ತಡತಡಿಸುವದು. ಒಂದೇ ಕಾರಿನಲ್ಲಿ ಪೆಟ್ಟಿಗೆಗೆ ಒಂದು, ಡಿಫರೆನ್ಶಿಯಲಿಗೆ ಇನ್ನೊಂದು ಎಣ್ಣೆಯಿರುವದು ಹೀಗೆ. ಯಂತ್ರವು ಹೊಲದ್ದಾಗಲಿ ಹೆದ್ದಾರಿಯದಾಗಲಿ, ನ್ಯಾಯವು ಒಂದೇ.

ಮನೆಯಲ್ಲಿಯೇ ಮಾಡುವ ಪರೀಕ್ಷೆಗಳು

ಎರೆಭೂಮಿಯಲ್ಲಿ ಎಣ್ಣೆಯ ಮುಖ್ಯ ಶತ್ರುಗಳು ನೀರು ಮತ್ತು ಧೂಳು. ಬೆಣ್ಣಿಹಳ್ಳದ ನೆರೆ ಬರುವ ಊರುಗಳಲ್ಲಿ ಟ್ರ್ಯಾಕ್ಟರು ಅಚ್ಚಿನವರೆಗೆ ನೀರಿನಲ್ಲಿ ನಿಂತರೆ, ಗಾಳಿ ಆಡುವ ಬ್ರೀದರಿನಿಂದಲೂ ಸವೆದ ಸೀಲುಗಳಿಂದಲೂ ನೀರು ಒಳಸೇರುತ್ತದೆ. ಕಾದ ಪೆಟ್ಟಿಗೆಯು ರಾತ್ರಿ ತಣಿಯುವಾಗ ಒಳಗಿನ ಗಾಳಿಯ ಪಸೆಯೂ ಹನಿಗಟ್ಟುತ್ತದೆ.

ಟ್ರ್ಯಾಕ್ಟರನ್ನು ಸಮನೆಲದಲ್ಲಿ ನಿಲ್ಲಿಸಿ, ಲಿಫ್ಟನ್ನು ಕೆಳಗಿಳಿಸಿ, ಎಂಜಿನ್ನು ನಿಲ್ಲಿಸಿದ ಸ್ವಲ್ಪ ಹೊತ್ತಿನ ಮೇಲೆ ಅಳತೆಗೋಲನ್ನು ತೆಗೆದು ನೋಡಬೇಕು. ಎಣ್ಣೆಯು ಹಾಲು ಬೆರೆಸಿದ ಚಹದಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆಯೆಂದು ತಿಳಿಯತಕ್ಕದ್ದು. ಸಂಶಯವಿದ್ದರೆ ಗಾಜಿನ ಸೀಸೆಯಲ್ಲಿ ಸ್ವಲ್ಪ ಎಣ್ಣೆಯನ್ನು ಒಂದು ರಾತ್ರಿ ಇಟ್ಟು ನೋಡಬೇಕು. ಬೇರೆಯಾದ ನೀರು ತಳಕ್ಕೆ ಇಳಿಯುವದು. ಇಲ್ಲವೆ, ಅಡಿಗೆಗೆ ಬಳಸದ ಹಂಚೊಂದನ್ನು ಕಾಯಿಸಿ, ಒಲೆಯಿಂದ ಕೆಳಗಿಳಿಸಿ, ದೂರದಿಂದ ಒಂದೇ ಹನಿಯನ್ನು ಬಿಡಬೇಕು. ಚಟಚಟನೆ ಸಿಡಿದರೆ ನೀರಿದೆ. ಮೆಲ್ಲಗೆ ಹೊಗೆಯಾಡಿದರೆ ಇಲ್ಲ. ಸುಟ್ಟ ವಾಸನೆಯು ಅತಿ ಕಾವಿನ ಲಕ್ಷಣ. ಇಳಿಸುವ ಬೂಚಿಗೆ ಅಯಸ್ಕಾಂತವಿದ್ದರೆ ಅದಕ್ಕೆ ಅಂಟಿದ ನುಣುಪಾದ ಕರಿ ಪುಡಿಗೆ ಅಂಜಬೇಕಾಗಿಲ್ಲ; ಚೂರುಗಳೂ ಚಕ್ಕೆಗಳೂ ಕಂಡರೆ ಕೂಡಲೆ ಬಲ್ಲ ಮಿಸ್ತ್ರಿಯನ್ನು ಕರೆಸಬೇಕು.

ಬದಲಿಸುವದು ಮತ್ತು ಕೊಳ್ಳುವದು

ಅನೇಕ ಟ್ರ್ಯಾಕ್ಟರುಗಳಿಗೆ ಈ ಎಣ್ಣೆಯು 30ರಿಂದ 60 ಲೀಟರು ಹಿಡಿಯುತ್ತದೆ. ಖರ್ಚು ದೊಡ್ಡದಾದ್ದರಿಂದಲೇ ಜನರು ಮುಂದೂಡುವರು, ಇಲ್ಲವೆ ಅಗ್ಗದ್ದನ್ನು ಹುಡುಕುವರು. ಸುಮಾರು 1000 ತಾಸುಗಳ ಅವಧಿಯನ್ನು ಬಹಳಷ್ಟು ಪುಸ್ತಕಗಳು ಹೇಳುತ್ತವೆ. ಹೊಸ ಟ್ರ್ಯಾಕ್ಟರಿಗೆ ಮೊದಲನೆಯ ಬದಲು ಬೇಗನೆ ಬರುವದು. ನೀರು ಸೇರಿದ್ದರೆ ಅವಧಿಯನ್ನು ಕಾಯದೆ ಬದಲಿಸಬೇಕು. ಕೆಲಸ ಮುಗಿಸಿ ಬಂದ ಮೇಲೆ, ಎಣ್ಣೆಯು ಕೈ ಸುಡದಷ್ಟು ಬೆಚ್ಚಗಿರುವಾಗ ಇಳಿಸಿದರೆ ಹೊಲಸು ಅದರೊಡನೆ ಹೋಗುತ್ತದೆ. ಫಿಲ್ಟರನ್ನು ಬದಲಿಸಿ ಅಥವಾ ತೊಳೆದು, ಬ್ರೀದರಿನ ಅರಲನ್ನು ತೆಗೆದು, ಗುರುತಿನವರೆಗೆ ಮಾತ್ರ ತುಂಬಬೇಕು. ಮಿಕ್ಕಿ ತುಂಬಿದರೆ ನೊರೆಯೆದ್ದು ಸೀಲು ಒಡೆಯುವದು. ತಪ್ಪು ಎಣ್ಣೆಯನ್ನು ಹಾಕಿದ್ದರೆ ಅದರ ಮೇಲೆ ಸರಿಯಾದದ್ದನ್ನು ಬೆರೆಸಿ ಸರಿಪಡಿಸಲಾಗದು; ಪೂರ್ಣ ಇಳಿಸಲೇಬೇಕು.

ಸಡಿಲ ಎಣ್ಣೆಯನ್ನು ಎಂದೂ ಕೊಳ್ಳಬಾರದು. ಮುಚ್ಚಳದ ಸೀಲು ಅಖಂಡವಿರುವದನ್ನು ನೋಡಿ, ಟ್ರ್ಯಾಕ್ಟರಿನ ಪುಸ್ತಕದಲ್ಲಿಯ ಗುರುತು ಡಬ್ಬಿಯ ಮೇಲಿದೆಯೆಂದು ಓದಿಸಿ, ರಸೀದಿಯನ್ನು ಪಡೆಯಬೇಕು. ಬರಿದಾದ ಡಬ್ಬಿಗೆ ತೂತು ಹೊಡೆದೇ ಗುಜರಿಗೆ ಕೊಡಬೇಕು. ಇಲ್ಲದಿದ್ದರೆ ಅದೇ ಡಬ್ಬಿಯು ಕಳಪೆ ಎಣ್ಣೆಯನ್ನು ತುಂಬಿಕೊಂಡು ಮರಳಿ ನಮ್ಮ ಮನೆಗೇ ಬಂದೀತು. ಹಳೆಯ ಎಣ್ಣೆಯನ್ನು ಹಳ್ಳಕ್ಕಾಗಲಿ ಕಾಲುವೆಗಾಗಲಿ ಚೆಲ್ಲಕೂಡದು. ದನಗಳ ಹುಣ್ಣಿಗೆ ಸವರುವದಂತೂ ಹಾನಿಕರ. 2016ರ ಅಪಾಯಕರ ತ್ಯಾಜ್ಯಗಳ ನಿಯಮಗಳ ಪ್ರಕಾರ ಅದನ್ನು ಪರವಾನಿಗೆಯುಳ್ಳವರಿಗೆ ಸಲ್ಲಿಸಬೇಕು.

ಗ್ರಾಮ ಪ್ರಮುಖರಲ್ಲಿ ವಿನಂತಿ

ಒಂದು ಊರಿನಲ್ಲಿ ಟ್ರ್ಯಾಕ್ಟರು ಇರುವವರು ಕೆಲವರೇ. ಅದನ್ನು ಬಾಡಿಗೆಗೆ ನೆಚ್ಚಿಕೊಂಡವರು ಬಹುಜನ. ಹೆಸರು ಬಿತ್ತುವ ಹದವು ನಾಲ್ಕು ದಿವಸ ನಿಂತರೆ ಹೆಚ್ಚು. ಆಗ ಒಂದು ಯಂತ್ರವು ಮೂಲೆಗೆ ಬಿದ್ದರೆ ಅದರ ಒಡೆಯನೊಬ್ಬನಿಗೇ ಅಲ್ಲ, ಸರದಿಯಲ್ಲಿ ಕಾಯುವ ಬಡ ಒಕ್ಕಲಿಗನಿಗೂ ಹಂಗಾಮು ತಪ್ಪುವದು. ಆದ್ದರಿಂದ ಪ್ರತಿಯೊಂದು ಟ್ರ್ಯಾಕ್ಟರಿಗೂ ಒಂದು ವಹಿಯನ್ನಿಟ್ಟು, ಎಣ್ಣೆಯ ಹೆಸರು, ಗುರುತು, ಹಾಕಿದ ತಾರೀಖು, ಆಗಿನ ಮೀಟರಿನ ತಾಸು ಇವನ್ನು ಬರೆಸಬೇಕು. ಮುಂಗಾರಿಯ ಮೊದಲಿಗೆ ಒಂದು ದಿವಸ ಊರ ಚಾಲಕರನ್ನೆಲ್ಲ ಚಾವಡಿಗೆ ಕರೆಸಿ ಮೇಲಿನ ಸಂಗತಿಗಳನ್ನು ಓದಿ ಹೇಳಿಸಿದರೆ ಬಹಳ ಉಪಕಾರವಾಗುವದು.

ಸಾರಾಂಶವಿಷ್ಟು: ಬ್ರೇಕಿನ ಜಾತಿಯನ್ನು ಅರಿಯಿರಿ, ಪುಸ್ತಕದ ಗುರುತನ್ನೂ ಡಬ್ಬಿಯ ಗುರುತನ್ನೂ ತಾಳೆ ನೋಡಿರಿ, ದಪ್ಪವೇ ಬಲವೆಂದು ಭ್ರಮಿಸಬೇಡಿರಿ, ಮುಂದಿನ ಅಚ್ಚನ್ನು ಮರೆಯಬೇಡಿರಿ, ಹಾಲಿನಂತಾದ ಎಣ್ಣೆಯನ್ನು ಒಂದು ದಿವಸವೂ ಇಟ್ಟುಕೊಳ್ಳಬೇಡಿರಿ. ಹಿರಿಯರು ಕೀಲೆಣ್ಣೆಯ ಗೊಟ್ಟವನ್ನು ಚಕ್ಕಡಿಗೆ ಕಟ್ಟಿಯೇ ಹೊರಡುತ್ತಿದ್ದರು. ಅವರ ಆ ಎಚ್ಚರವನ್ನು ಇಂದಿನ ಯಂತ್ರಕ್ಕೂ ಸಲ್ಲಿಸುವದು ನಮ್ಮ ಕರ್ತವ್ಯವಾಗಿದೆ.